ಕರ್ಮಣಿ ಪ್ರಯೋಗ

ಗದಗ ರೋಡಿನ ರೇಲ್ವೆ ಕ್ವಾರ್ಟರ್ಸು, ಚರ್ಚಿನ ಹಿಂದಿನ ಖೋಲಿ.
ಸಣ್ಣ ಹುಡುಗರ ಬೆಂಚಿನಾಗ ಮೊಣಕಾಲು ತುರುಕಿ
ಒಂಬತ್ತು ಮಂದಿ ಕುಂತೀವಿ, ಗ್ರೀಸಿನ ವಾಸನಿ ಸುದ್ದಾ.
ಪರೀಕ್ಷೆ ಪಾಸಾದ್ರ ಗೂಡ್ಸ್ ಗಾರ್ಡು,
ಇಲ್ಲಾಂದ್ರ ಇದ ಕೈದೀಪ, ಇದ ಜಲ್ಲಿಕಲ್ಲು.

ಸಲೋಮಿ ಟೀಚರ್ ನಮ್ಮ ಸಲುವಾಗಿ ಬೋರ್ಡಿನ ಮ್ಯಾಲ ಗಾಡಿ ಬರದ್ರು:
ಮುಂದಿನ ಡಬ್ಬಿ ಸಬ್ಜೆಕ್ಟು, ನಡುವ ಇಂಜಿನ್ನು ವರ್ಬು, ಹಿಂದ ಆಬ್ಜೆಕ್ಟು.
"ನಡುವ ಯಾರ್ ಜೋಡಸ್ತಾರ್ರೀ ಇಂಜಿನ್ನ?" ಅಂತ ನಕ್ಕಿವಿ.
"ಇಂಗ್ಲೀಷಿನವರು" ಅಂದ್ರು. "ನಿಮ್ಮದು ಕ್ಯಾಸಲ್‌ರಾಕ್ ಘಾಟಿನ ಗಾಡಿ,
ಹಿಂದಿಂದ ದಬ್ಬತದ. ಕಡೀ ಮಾತು ಬರೂತನಕ
ಹೊಂಟದೋ ನಿಂತದೋ ತಿಳಿಯಂಗಿಲ್ಲ."

ಹುಲಿಗೆಪ್ಪನ ತಕರಾರು ಬ್ಯಾರೆ:
"ಇಟ್ ಈಸ್ ರೇನಿಂಗ್ ಅಂತೀರಿ, ಆ ಇಟ್ಟು ಯಾರ್ರೀ?
ಮಳಿ ಬರಾಕತ್ತೈತಿ, ಮಳೀನ ಬರಾಕತ್ತೈತಿ, ನಡುವ ಇಂವ ಯಾಂವ?"
ಟೀಚರ್ ಸೆರಗಿಗೆ ಕೈ ಒರಸಿಕೊಂಡ್ರು.
"ಕುರ್ಚಿ ಖಾಲಿ ಇದ್ರ ಇಂಗ್ಲೀಷು ಮಾತಾಡಂಗಿಲ್ಲೋ.
ಯಾರೂ ಇಲ್ಲಾಂದ್ರ ಒಬ್ಬ ಸುಳ್ಳು ಸಾಕ್ಷೀನರೆ ತಂದು ಕುಂದರಸ್ತದ."

ನಮ್ಮದರಾಗ ಹಂಗಿಲ್ಲ. "ಕೊಟ್ಟೆ" ಅಂದ್ರ ಸಾಕು,
ಬಾಲದಾಗ ನಾ ಸಿಕ್ಕೊಂಡಿರ್ತೀನಿ,
ಬಾಗಲಾಗ ಧೋತರದ ಚುಂಗು ಸಿಕ್ಕಂಗ.
ಗೇವ್‌ಗೆ ಬಾಲಿಲ್ಲ. ನಾ ಕೊಟ್ರೂ ಗೇವ್,
ನೀ ಕೊಟ್ರೂ ಗೇವ್, ಅವರು ಕೊಟ್ರೂ ಗೇವ್.

ಆಬ್ಜೆಕ್ಟಿಗೆ ಕನ್ನಡದಾಗ ಕರ್ಮ ಅಂತಾರಂತ.
ಮಾಡಿದಾಂವ ಕರ್ತೃ. ಮಾಡಿದ್ದು ಯಾರ ಮ್ಯಾಲ ಬೀಳತೈತೋ ಅಂವ ಕರ್ಮ.
ಎಲ್ಲಾರೂ ಬರಕೊಂಡ್ರು. ನನ್ನ ಪೆನ್ನು ನಿಂತಿತು.
"ಅವನ ಕರ್ಮ" ಅಂದಿತ್ತು ಯಾರ್ಡೆಲ್ಲ, ಹೋದ ಶ್ರಾವಣದಾಗ,
ತುಳಜಾಸಾನ ಎಡಗೈಯ ಎರಡು ಬೆರಳು ಹೋದಾಗ.
ಚಾದ ಗಾಡಿ ಮುಂದ ನಿಂತು ನಾನೂ ಅಂದಿದ್ದೆ.

ಮುಂದಿನ ವಾರದ ಪಾಠ: ಮನ್ಯಾಗಿನ ಯಾವುದರೆ ಇಂಗ್ಲೀಷ್ ಕಾಗದ ತರ್ರಿ,
ಕರ್ಮಣಿ ವಾಕ್ಯ ಹುಡುಕ್ರಿ, ತಿರಿವಿ ಕರ್ತರಿ ಮಾಡ್ರಿ.
ಯಾರೋ ಕರೆಂಟ್ ಬಿಲ್ಲು ತಂದ್ರು, ಯಾರೋ ಲಗ್ನಪತ್ರ.
ನಾ ತಂದದ್ದು ವಿಚಾರಣಾ ವರದಿಯ ಝೆರಾಕ್ಸು,
ನಾಕು ಮಡಿಕೆ, ಮಡಿಕೆಗೊಂದು ತೂತು.
ಸಿಗ್ನಲ್ ವಾಸ್ ಗಿವನ್. ಟೂ ಫಿಂಗರ್ಸ್ ವರ್ ಲಾಸ್ಟ್.
ದೀಪ ತೋರಿಸಲಾಯಿತು. ಬೆರಳು ಕಳೆದವು,
ಸಂತ್ಯಾಗ ಛತ್ರಿ ಕಳದಂಗ.
ಕುರ್ಚ್ಯಾಗ ಸಿಗ್ನಲ್ಲ ಕುಂತೈತಿ, ತನ್ನ ತಾನ ಕೊಟ್ಟುಕೊಂಡಂಗ.
ಸಾಹೇಬರ ಇಂಗ್ಲೀಷು ಎಷ್ಟು ಸ್ವಚ್ಛ! ಯಾರ ಕೈಯೂ ಅಂಟಿಲ್ಲ.

ಟೀಚರ್ ಓದಿದ್ರು. ಏನೂ ಕೇಳಲಿಲ್ಲ.
ಗಿವನ್ ಆದ ಮ್ಯಾಲ ಕೆಂಪು ಪೆನ್ನಿಲೆ ಬರೇ ಒಂದು "ಬೈ" ಬರದು
ಕಾಗದ ನನ್ನ ಕಡೆ ಸರಿಸಿದ್ರು.

ಆರನೇ ಲೈನು, ರಾತ್ರಿ ಎರಡೂವರಿ, ಜಿಟಿಜಿಟಿ.
ಅಂವ ಎರಡು ವ್ಯಾಗನ್ನಿನ ನಡುವ ಬಗ್ಗಿದ್ದ.
"ಹಾಂ" ಅಂದಂಗ ಕೇಳಿತು ನನಗ.
ಅಂದಿದ್ದಿಲ್ಲ.

ಐ. ಎಂಥಾ ಅಕ್ಷರ ಅದು. ಗುಣಿತಿಲ್ಲ, ಒತ್ತಿಲ್ಲ,
ಬಯಲಾಗ ಸಿಗ್ನಲ್ ಕಂಬ ನಿಂತಂಗ ನಿಲ್ಲತೈತಿ,
ಮರೆಗೆ ಒಂದು ಗಿಡ ಸುದ್ದಾ ಇಲ್ಲ.
ಬರದೆ.
ಎರಡಕ್ಕ ಒಂದೂವರಿ ಮಾರ್ಕು ಬಿದ್ದವು,
ಸಿಗ್ನಲ್‌ದಾಗ ಜಿ ಬಿಟ್ಟಿದ್ದೆ.

ನಾಳೆ ಎಂಟಕ್ಕ ತುಳಜಾಸಾ ಪಾರ್ಸಲ್ ಆಫೀಸಿಗೆ ಬರ್ತಾನ.
ಅವಗ ಕನ್ನಡದಾಗ ಹೇಳ್ತೀನಿ.
ವರ್ಬು ಕಡೀಕ ಬರೂದು ಛಲೋನ ಆತು:
ಆ ರಾತ್ರಿ, ಆರನೇ ಲೈನಿನಾಗ, ನೀ ಬಗ್ಗಿದ್ಯಲ್ಲ, ಆವಾಗ, ಹಸರ ದೀಪಾನ...
ಅಷ್ಟರಾಗ ಅಂವ ಉಳಿದ ಮೂರು ಬೆರಳಿಲೆ ಕಪ್ಪು ಹಿಡದು
ಅರ್ಧ ಚಾ ಕುಡದಿರ್ತಾನ.